ಲಾರಿಯ ನೆತ್ತಿಯ ಹಿಮ

ನಾರ್ಬರ್ಟ್ ಪೆಲ್ಕಿ ಪಕ್ಕದ ಮನೆಯ ಕಾರಿನ ನೆತ್ತಿಯ ಮೇಲಿದ್ದ ಹಿಮವನ್ನು ಅರ್ಧದಷ್ಟು ಗುಡಿಸಿದ್ದಾಗ ಆ ಮನೆಯ ಬಾಗಿಲು ತೆರೆಯಿತು. ಹೇಜಲ್ ವಿಥಮ್ ರಾತ್ರಿಯುಡುಗೆಯ ಮೇಲೆ ತೀರಿಹೋದ ಗಂಡನ ಕೋಟು ಹಾಕಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತು ಅವನನ್ನು ನೋಡಿದಳು.

"ಪೆಲ್ಕಿಯವರೇ, ಆ ಕಾರು ಎಲ್ಲಿಗೂ ಹೋಗೋದಿಲ್ಲ. ಬ್ಯಾಟರಿ ಸತ್ತು ತಿಂಗಳಾಯ್ತು."

"ಇರ್ಲಿ ಬಿಡಿ. ಹೇಗೂ ಪೊರಕೆ ಕೈಯಲ್ಲಿತ್ತು."

"ಮೊನ್ನೆ ಮಂಗಳವಾರವೂ ಕೈಯಲ್ಲಿತ್ತು. ಬಣ್ಣ ಕಿತ್ತು ಬರ್ತಿದೆ ನೋಡಿ ಅಲ್ಲಿ. ನಿಮಗೆ ಅಷ್ಟು ಕೈ ಕಡೀತಿದ್ರೆ ನನ್ನ ಮೆಟ್ಟಿಲು ಗುಡಿಸಿ, ಜಾರಿ ಬೀಳೋದಾದ್ರೂ ತಪ್ಪುತ್ತೆ."

ಅವನು ಮೆಟ್ಟಿಲು ಗುಡಿಸಿದ. ಬಗ್ಗಿದಾಗ ಟೈ ಜಾಕೆಟಿನಿಂದ ಹೊರಬಿದ್ದು ಹಿಮದ ಮೇಲೆ ಎಳೆದಾಡಿತು. ಹೇಜಲ್ ಅದನ್ನು ನೋಡಿದಳು, ಯಾರು ಸತ್ತರು ಎಂದು ಕೇಳಿದಳು. ಯಾರೂ ಇಲ್ಲ, ರಾಜಧಾನಿಗೆ ಹೋಗುವುದಿದೆ, ಕಂಪನಿಯ ಕೆಲಸ ಎಂದ. ಅವಳು ಒಳಗೆ ಹೋದ ಮೇಲೆ ಕಾರಿನ ಉಳಿದರ್ಧ ನೆತ್ತಿ ಅವನ ಕಣ್ಣಿಗೆ ಚುಚ್ಚತೊಡಗಿತು. ಒಂದು ಕಡೆ ಕಪ್ಪು ತಗಡು, ಇನ್ನೊಂದು ಕಡೆ ಗೇಣುದ್ದದ ಬಿಳಿ. ಬಿಟ್ಟು ಹೋಗಲು ಕಾಲು ಬಾರದು, ಮತ್ತೆ ಕೈ ಹಾಕಲು ಮುಖವಿಲ್ಲ. ತನ್ನ ಮನೆಯ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಕ್ಲೋಡೆಟ್ ನಿಂತಿದ್ದಾಳೆಂದು ತಿರುಗಿ ನೋಡದೆಯೇ ಗೊತ್ತಿತ್ತು. ಎರಡು ಚಳಿಗಾಲಗಳಿಂದ ಅವಳು ಅಲ್ಲಿ ನಿಂತು ನೋಡುತ್ತಿದ್ದಾಳೆ, ಏನನ್ನೂ ಕೇಳಿಲ್ಲ. ಒಂದು ಸಲ ಮಾತ್ರ, ಚರ್ಚಿನ ಅಂಗಳದಲ್ಲಿ ಅವನು ಗುರುತಿಲ್ಲದವರ ಕಾರುಗಳನ್ನೆಲ್ಲ ಸಾಲಾಗಿ ಗುಡಿಸುತ್ತಿದ್ದಾಗ ಹತ್ತಿರ ಬಂದು ತೋಳು ಹಿಡಿದು, "ಸಾಕು ಬಾ ಮಾರಾಯ, ಜನ ನಗ್ತಾರೆ" ಎಂದಿದ್ದಳು.

ಡ್ವೈಟ್ ಹ್ಯಾಸ್ಕೆಲ್, ನಾರ್ಬರ್ಟ್ ಲಾರಿ ಓಡಿಸುತ್ತಿದ್ದ ಸಾಗಣೆ ಕಂಪನಿಯಲ್ಲಿ ಚಾಲಕರ ಸುರಕ್ಷತೆ ನೋಡಿಕೊಳ್ಳುವವನು. ನಾರ್ಬರ್ಟನಿಗಿಂತ ಹದಿನೆಂಟು ವರ್ಷ ಚಿಕ್ಕವನು, ಒಂದು ದಿನವೂ ಲಾರಿ ಓಡಿಸಿದವನಲ್ಲ. ಅವನು ಬಂದು ಹಾರ್ನ್ ಮಾಡಿದಾಗ ಅವನ ಕಾರಿನ ಮೇಲೂ ಹಿಮದ ದಿಂಬು ಕೂತಿತ್ತು. ನಾರ್ಬರ್ಟ್ ಬಾಗಿಲು ತೆರೆಯುವ ಬದಲು ಪೊರಕೆ ಎತ್ತಿದ್ದನ್ನು ಕಂಡು ಡ್ವೈಟ್ ಗಾಜು ಇಳಿಸಿ ನಕ್ಕ.

"ಏನಯ್ಯಾ ನಾರ್ಬ್, ಇನ್ನೂ ಊರು ಬಿಟ್ಟಿಲ್ಲ, ಆಗಲೇ ಆ ಪಾರ್ಟಿ ಸೇರ್ಕೊಂಡ್ಯಾ? ಕಾಯ್ದೆ ಇನ್ನೂ ಪಾಸಾಗಿಲ್ಲ ಕಣೋ. ಅದು ಪಾಸಾಗ್ದೇ ಇರ್ಲಿ ಅಂತಾನೇ ನಾವು ಹೋಗ್ತಿರೋದು."

ದಾರಿಯುದ್ದಕ್ಕೂ ಡ್ವೈಟ್ ಪಾಠ ಹೇಳಿಕೊಟ್ಟ. ಮಸೂದೆಯಲ್ಲಿದ್ದುದು ಒಂದೇ ಮಾತು: ರಸ್ತೆಗಿಳಿಯುವ ಮೊದಲು ಪ್ರತಿಯೊಂದು ವಾಹನದ ಮೇಲಿನ ಹಿಮ, ಮಂಜುಗಡ್ಡೆ ಎಲ್ಲವನ್ನೂ ಓಡಿಸುವವನೇ ತೆಗೆದಿರಬೇಕು, ಇಲ್ಲದಿದ್ದರೆ ದಂಡ, ಅದರಿಂದ ಯಾರಿಗಾದರೂ ಪೆಟ್ಟಾದರೆ ಜೈಲು. ಟ್ರೇಲರಿನ ಎತ್ತರ ಹದಿಮೂರೂವರೆ ಅಡಿ. ಐಸು ಕಟ್ಟಿದ ತಗಡಿನ ಮೇಲೆ ಚಾಲಕನನ್ನು ಹತ್ತಿಸುವ ಕಾಯ್ದೆ ಚಾಲಕನನ್ನು ಕೊಲ್ಲುವ ಕಾಯ್ದೆ. "ಇದನ್ನ ನಾನು ಹೇಳಿದ್ರೆ ಕೋಟು ಹಾಕ್ಕೊಂಡೋನ ಮಾತು. ನೀನು ಹೇಳಿದ್ರೆ ಬೇರೆ. ಮೂವತ್ತೊಂದು ವರ್ಷ, ಒಂದು ಅಪಘಾತ ಇಲ್ಲ. ಅದರ ಮೇಲೆ, ಹೋದ ವರ್ಷ ನೀನೇ ಟ್ರೇಲರ್ ಹತ್ತಿ ಬಿದ್ದು ಮಣಿಕಟ್ಟು ಮುರ್ಕೊಂಡಿದೀಯ. ಸ್ವಲ್ಪ ಕೈ ಎತ್ತಿ ತೋರಿಸು, ಆಯ್ತಾ? ಪೂರ್ತಿ ತಿರುಗೋದಿಲ್ಲ ಅಲ್ವಾ ಅದು?" ತಿರುಗುವುದಿಲ್ಲ ಎಂದ ನಾರ್ಬರ್ಟ್. ಸೇತುವೆ ಬರುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಸೇತುವೆಯ ಕಬ್ಬಿಣದ ಕೂಡುಗಳ ಮೇಲೆ ಚಕ್ರ ಹಾಯುವ ಸದ್ದನ್ನು ಎಣಿಸಿದ, ಒಂದು, ಎರಡು, ಮೂರು. ಎರಡು ವರ್ಷದ ಹಿಂದಿನ ಆ ಬೆಳಿಗ್ಗೆ, ಲಾರಿ ಎರಡನೆಯ ಕೂಡು ದಾಟಿದಾಗ ಹಿಂದಿನಿಂದ ಯಾರೋ ಹಾಸಿಗೆಯ ದೊಡ್ಡ ಬಟ್ಟೆಯನ್ನು ಒಮ್ಮೆ ಕೊಡವಿದ ಹಾಗೆ ಸದ್ದಾಗಿತ್ತು. ಟ್ರೇಲರ್ ಮೂರು ದಿನ ಡಿಪೋದಲ್ಲೇ ನಿಂತಿತ್ತು. ಮೊದಲು ಹಿಮ, ಅದರ ಮೇಲೆ ಮಳೆ, ಮಳೆಯ ಮೇಲೆ ಮತ್ತೆ ಚಳಿ. ಒಳಗಿದ್ದುದು ಕಾಗದದ ಕೈವಸ್ತ್ರದ ಸುರುಳಿಗಳು, ಭಾರವೇ ಇಲ್ಲದ ಸರಕು. ಮೇಲೆ ಏನಿದೆಯೆಂದು ಯಾರೂ ನೋಡುತ್ತಿರಲಿಲ್ಲ, ನೋಡಲು ಏಣಿಯೂ ಇರಲಿಲ್ಲ, ಹತ್ತಬಾರದೆಂದು ಗೋಡೆಯ ಮೇಲೆ ಬರೆದೂ ಇತ್ತು. ಸದ್ದು ಕೇಳಿ ಅವನು ಪಕ್ಕದ ಕನ್ನಡಿ ನೋಡಿದ್ದ. ಕನ್ನಡಿಯ ತುಂಬ ಬಿಳಿ ಪುಡಿ, ಆ ಪುಡಿಯೊಳಗೆ ಬೆಳಗಿನ ಬಿಸಿಲು.

"ನಿದ್ದೆ ಬಂತಾ?" ಎಂದ ಡ್ವೈಟ್.

ಆ ದಿನ ಆರು ಗಂಟೆಗೆ ಹೊರಡಬೇಕಾಗಿತ್ತು. ಹೊರಟದ್ದು ಎಂಟೂವರೆಗೆ. ಹೆದ್ದಾರಿಯ ಹೋಟೆಲಿನಲ್ಲಿ ಕೂತು ಎರಡನೆಯ ತಟ್ಟೆ ಪ್ಯಾನ್‌ಕೇಕ್ ತರಿಸಿಕೊಂಡು, ಅದರ ಮೇಲೆ ಮೇಪಲ್ ಪಾಕ ಸುರಿದುಕೊಂಡು ನಿಧಾನವಾಗಿ ತಿಂದಿದ್ದ. ಆ ಎರಡನೆಯ ತಟ್ಟೆ ಬೇಕಾಗಿರಲಿಲ್ಲ. ಲಾರಿಯ ದಿನಚರಿ ಪುಸ್ತಕದಲ್ಲಿ ಮಾತ್ರ ಹೊರಟದ್ದು ಆರಕ್ಕೆ ಎಂದೇ ಬರೆದ, ಎಲ್ಲರೂ ಬರೆಯುವ ಹಾಗೆ. ಸಂಜೆ ರೇಡಿಯೋ ಹೇಳಿತು: ಸೇತುವೆಯ ಬಳಿ ಒಂಬತ್ತಕ್ಕೆ ಐದು ನಿಮಿಷ ಇರುವಾಗ, ಯಾವುದೋ ಬಿಳಿ ಟ್ರೇಲರಿನ ಮೇಲಿಂದ ಹಾರಿದ ಮಂಜುಗಡ್ಡೆಯ ಚಪ್ಪಡಿ ಹಿಂದೆ ಬರುತ್ತಿದ್ದ ಕಾರಿನ ಮುಂಗಾಜು ಸೀಳಿಕೊಂಡು ಒಳಗೆ ಹೋಗಿದೆ. ಸತ್ತವಳು ಮೂವತ್ತೊಂದು ವರ್ಷದ ನರ್ಸ್. ಮನೆಮನೆಗೆ ಹೋಗಿ ಮುದುಕರ ಕಾಲುಗುರು ಕತ್ತರಿಸಿ, ಹುಣ್ಣಿಗೆ ಔಷಧಿ ಹಚ್ಚುತ್ತಿದ್ದವಳು. ಆ ಹೆದ್ದಾರಿಯಲ್ಲಿ ದಿನಕ್ಕೆ ನೂರಾರು ಬಿಳಿ ಟ್ರೇಲರುಗಳು. ವಾರ ಕಳೆದ ಮೇಲೆ ಪೊಲೀಸರು ಡಿಪೋಗೆ ಬಂದು ಎಲ್ಲರ ಪುಸ್ತಕ ತಿರುವಿದರು. ಅವನ ಪುಸ್ತಕದಲ್ಲಿ ಆರು ಗಂಟೆ ನೋಡಿದ ಎಳೆಯ ಪೊಲೀಸಿನವನು ಪುಸ್ತಕ ಮುಚ್ಚಿ, ಅಪಘಾತವಿಲ್ಲದ ಚಾಲಕನೆಂದು ಗೋಡೆಯ ಮೇಲೆ ತೂಗುಹಾಕಿದ್ದ ಅವನ ಹೆಸರಿನ ಫಲಕದ ಕಡೆ ಗೌರವದಿಂದ ತಲೆಯಾಡಿಸಿ ಮುಂದಿನವನನ್ನು ಕರೆದ.

ಅದು ತಾನೇ ಎಂದು ಅವನಿಗೆ ಖಚಿತವಿರಲಿಲ್ಲ. ಇದೇ ಅವನನ್ನು ತಿನ್ನುತ್ತಿತ್ತು. ಖಚಿತವಾಗಿದ್ದರೆ ಒಂದೋ ಹೇಳುತ್ತಿದ್ದ, ಇಲ್ಲವೇ ಹೇಳದೆ ಇರುವುದನ್ನು ಕಲಿಯುತ್ತಿದ್ದ. ಚಿಕ್ಕಂದಿನಲ್ಲಿ ಶನಿವಾರ ಸಂಜೆ ಪಾಪ ಒಪ್ಪಿಕೊಳ್ಳಲು ಪಾದ್ರಿಯ ಬಳಿ ಮೊಣಕಾಲೂರಿದಾಗ ಹೇಳಲು ಏನೂ ಇಲ್ಲದಿದ್ದರೆ, ಜಾಲರಿಯಾಚೆ ಕೂತ ಮುದುಕನನ್ನು ಸುಮ್ಮನೆ ಕಾಯಿಸಬಾರದೆಂದು ಮಾಡದ ಪಾಪಗಳನ್ನು ಹೇಳುತ್ತಿದ್ದ: ತಂಗಿಗೆ ಹೊಡೆದೆ, ತಾಯಿಯ ಚೀಲದಿಂದ ಕದ್ದೆ. ಹೇಳುತ್ತ ಹೇಳುತ್ತ ಅವು ಮಾಡಿದ ಪಾಪಗಳೇ ಆಗಿಬಿಡುತ್ತಿದ್ದವು, ತಂಗಿಯ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಈಗಲೂ ಹಾಗೇ ಇರಬಹುದೇ? ಕನ್ನಡಿಯಲ್ಲಿ ಕಂಡದ್ದು ಬೇರೆ ದಿನದ್ದಿರಬಹುದೇ?

ಸಭೆಯ ಕೋಣೆ ಬೆಚ್ಚಗಿತ್ತು, ಒದ್ದೆ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ಉದ್ದನೆಯ ಮೇಜಿನ ಹಿಂದೆ ಮಸೂದೆ ವಿಚಾರಿಸುವ ಶಾಸಕರ ಸಮಿತಿಯ ಹನ್ನೊಂದು ಜನ. ಎದುರು ಮಾತಾಡುವವರಿಗೆ ಒಂದು ಕುರ್ಚಿ, ಮೈಕು, ನಿಮಿಷ ಎಣಿಸುವ ಪುಟ್ಟ ಗಡಿಯಾರ. ಬಾಗಿಲ ಬಳಿ ಚೌಕಟ್ಟಿನಲ್ಲಿ ಒಂದು ಫೋಟೋ ಇಟ್ಟಿದ್ದರು. ನಾರ್ಬರ್ಟ್ ಅದರ ಮುಂದೆ ಹಾಯುವಾಗ ಟೈ ಸರಿಮಾಡಿಕೊಳ್ಳುವವನಂತೆ ತಲೆ ಬಗ್ಗಿಸಿದ. ಮೊದಲು ಫೋಟೋದಲ್ಲಿದ್ದ ನರ್ಸಿನ ತಾಯಿಯನ್ನು ಕರೆದರು. ಬೆವರ್ಲಿ ಸ್ಟಿನ್ಸನ್, ಅರವತ್ತು ದಾಟಿದ ದಪ್ಪ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅಳುತ್ತಾಳೆಂದು ಅವನು ಸಿದ್ಧನಾಗಿದ್ದ, ಅವಳು ಅಳಲಿಲ್ಲ. ಕಾಗದದಲ್ಲಿದ್ದುದನ್ನು ಅಡುಗೆಯ ಸಾಮಾನಿನ ಪಟ್ಟಿಯ ಹಾಗೆ ಓದಿದಳು: ಚಪ್ಪಡಿಯ ಉದ್ದ, ಅಗಲ, ದಪ್ಪ, ಕಾರಿನ ವೇಗ, ಲಾರಿಯ ಅಂದಾಜು ವೇಗ. ಮೂರು ನಿಮಿಷಕ್ಕೆ ಮೊದಲೇ ಮುಗಿಸಿ ಎದ್ದು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಅವನ ಸರದಿ ಬಂದಾಗ ಮೈಕು ಅವನ ಎದೆಯ ಮಟ್ಟಕ್ಕಿತ್ತು. ಅದನ್ನು ಎತ್ತಲು ಹೋಗಿ ಮಣಿಕಟ್ಟು ತಿರುಗದೆ ಒದ್ದಾಡಿದ. ಹಿಂದೆ ಕೂತಿದ್ದ ಡ್ವೈಟ್‌ಗೆ ಅದು ಬೇಕಂತಲೇ ಮಾಡಿದ್ದೆನಿಸಿರಬೇಕು, ಮೆಚ್ಚುಗೆಯಿಂದ ಗಂಟಲು ಸರಿಮಾಡಿದ. ಡ್ವೈಟ್ ಬರೆದುಕೊಟ್ಟದ್ದನ್ನು ನಾರ್ಬರ್ಟ್ ಓದಿದ. ಓದುವಾಗ ಪ್ರತಿಯೊಂದು ಮಾತೂ ನಿಜವೆಂಬುದು ಅವನಿಗೆ ವಿಚಿತ್ರವಾಗಿ ಕಂಡಿತು. ಎತ್ತರ ನಿಜ. ತಗಡಿನ ಜಾರು ನಿಜ. ಬಿದ್ದದ್ದು, ಬಿದ್ದಲ್ಲಿಂದ ಡಿಪೋದ ದೀಪಗಳನ್ನು ನೋಡುತ್ತ ಯಾರಾದರೂ ಬರಲೆಂದು ಕಾದದ್ದು ನಿಜ. ಇಷ್ಟೊಂದು ನಿಜಗಳನ್ನು ಸೇರಿಸಿ ಇಂಥದ್ದೊಂದನ್ನು ಕಟ್ಟಬಹುದಲ್ಲ ಎಂದುಕೊಂಡ. ಮುಗಿಸಿ ಏಳುತ್ತಿದ್ದಾಗ ಮೇಜಿನ ಕೊನೆಯಲ್ಲಿದ್ದ ಮುದುಕಿ, ಉತ್ತರದ ಕಡೆಯ ಕೋಳಿಸಾಕಣೆಯವಳು, ಕನ್ನಡಕ ತೆಗೆದಳು.

"ಒಂದು ನಿಮಿಷ, ಪೆಲ್ಕಿಯವರೇ. ಕಾಯ್ದೆ ಇಲ್ಲ. ಹತ್ತಬಾರದು ಅಂತ ಕಂಪನಿಯವ್ರೇ ಬೋರ್ಡು ಹಾಕಿದ್ರು ಅಂತೀರಿ. ಮತ್ತೆ ನೀವು ಯಾಕಪ್ಪ ಹತ್ತಿದ್ರಿ?"

ಅವನು ಡ್ವೈಟ್ ಕೊಟ್ಟ ಹಾಳೆ ನೋಡಿದ. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಮೇಲೆ ಹಿಮ ಇತ್ತು" ಎಂದ.

ಕೋಣೆ ನಕ್ಕಿತು. ಸಮಿತಿಯವರೂ ನಕ್ಕರು, ಮುದುಕಿಯೂ ನಕ್ಕಳು. ಎಲ್ಲರಿಗೂ ಇಷ್ಟವಾಗುವಂಥ ಚಾಲಾಕಿ ಉತ್ತರ ಕೊಟ್ಟವನ ಹಾಗೆ ಅವನು ಅಲ್ಲಿಂದ ಹೊರಬಿದ್ದ. ಊಟಕ್ಕೆ ಬಿಟ್ಟರು. ಡ್ವೈಟ್ ಬೆನ್ನು ತಟ್ಟಿ, "ಬೊಂಬಾಟ್ ಕಣೋ. ನಾಲ್ಕು ವೋಟು ನಮ್ಮ ಕಡೆ ಬಂತು ಅಂತ ಇಟ್ಕೋ. ಇಲ್ಲೇ ಇರು, ಸ್ಯಾಂಡ್‌ವಿಚ್ ತರ್ತೀನಿ" ಎಂದು ಕೆಳಗಿಳಿದು ಹೋದ. ಮೊಗಸಾಲೆಯ ಬೆಂಚಿನ ಮೇಲೆ ನಾರ್ಬರ್ಟ್ ಒಬ್ಬನೇ ಉಳಿದ. ಎದುರಿನ ಕಿಟಕಿಯಾಚೆ ಹಿಮ ಬೀಳತೊಡಗಿತ್ತು. ನಿಲ್ಲಿಸಿದ್ದ ಕಾರುಗಳೆಲ್ಲ ಮೆಲ್ಲಗೆ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಬೆಂಚು ಅಲುಗಿತು. ಬೆವರ್ಲಿ ಸ್ಟಿನ್ಸನ್ ಪಕ್ಕದಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಆ ಅಮ್ಮ ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲ."

"ಕೊಟ್ಟೆನಲ್ಲ."

"ಹಿಮ ಇತ್ತು ಅಂದ್ರಿ. ಹಿಮ ಮೂವತ್ತೊಂದು ವರ್ಷದಿಂದಲೂ ಇತ್ತು. ಹೋದ ವರ್ಷ ಯಾಕೆ ಹತ್ತಿದ್ರಿ?"

ಅವಳ ಕೈಯಿಂದ ಸಾಬೂನಿನ ವಾಸನೆ ಬರುತ್ತಿತ್ತು. ಈ ಕೈ ಇಲ್ಲಿದೆ, ಎಂದು ಅವನಿಗನ್ನಿಸಿತು, ಉಳಿದದ್ದೆಲ್ಲ ರೇಡಿಯೋದಲ್ಲಿ ಕೇಳಿದ್ದು. ಎದ್ದು ಹೋಗಲು ಒಂದು ಗಳಿಗೆ ಸಮಯವಿತ್ತು. ಆ ಗಳಿಗೆ ಕಳೆಯುವುದನ್ನು ಅವನು ನೋಡುತ್ತ ಕೂತ.

"ಆ ದಿನ ನಾನೂ ಆ ದಾರೀಲಿದ್ದೆ" ಎಂದ.

ಅವಳು ಬೆಚ್ಚಲಿಲ್ಲ. "ನೀವು ಮೂರನೆಯವರು" ಎಂದಳು.

"ಏನಂದ್ರಿ?"

"ಒಬ್ಬ ಫೋನ್ ಮಾಡಿದ್ದ. ಕುಡಿದಿದ್ದ, ಅಳ್ತಿದ್ದ. ಇನ್ನೊಬ್ಬ ಕಾಗದ ಬರೆದ, ಎರಡು ಪುಟ. ಇಬ್ಬರೂ ಹೆಸರು ಹೇಳಲಿಲ್ಲ. ಇಬ್ಬರೂ ಆ ದಾರೀಲಿದ್ರಂತೆ, ಇಬ್ಬರ ಲಾರಿ ಮೇಲೂ ಐಸ್ ಇತ್ತಂತೆ."

"ಹಾಗಾದ್ರೆ ನಾನಲ್ಲದೆಯೂ ಇರಬಹುದು." ತನ್ನ ದನಿಯಲ್ಲಿದ್ದ ಆಸೆ ಅವನ ಕಿವಿಗೇ ಅಸಹ್ಯವಾಗಿ ಕೇಳಿಸಿತು.

"ಇರಬಹುದು. ಎಲ್ಲರೂ ಅದನ್ನ ಕೇಳೋಕೇ ಬರ್ತಾರೆ. ಅವಳನ್ನ ಕಳ್ಕೊಂಡೋಳು ನಾನು. ಸಮಾಧಾನ ಹೇಳಬೇಕಾದ್ದೂ ನಾನೇ." ಅವಳು ಚೀಲದ ಗುಂಡಿ ತೆಗೆದಳು, ಮತ್ತೆ ಹಾಕಿದಳು. "ಎಷ್ಟು ಹೊತ್ತಿಗೆ ಸೇತುವೆ ದಾಟಿದ್ರಿ?"

"ಒಂಬತ್ತಕ್ಕೆ ಹತ್ತಿರ. ಪುಸ್ತಕದಲ್ಲಿ ಬೇರೆ ಬರೆದಿದ್ದೆ."

"ಬಿಳಿ ಟ್ರೇಲರಾ?"

"ಹೌದು."

"ಏನಾದ್ರೂ ನೋಡಿದ್ರಾ?"

ಇಲ್ಲ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಎರಡು ವರ್ಷ ಅದನ್ನೇ ಅಭ್ಯಾಸ ಮಾಡಿದ್ದ. "ಸದ್ದು ಕೇಳ್ತು. ಕನ್ನಡಿ ನೋಡಿದೆ. ಎಲ್ಲ ಬಿಳಿ, ಪುಡಿ, ಬಿಸಿಲು ಬಿದ್ದು ಹೊಳೀತಿತ್ತು. ಕಾರು ಕಾಣಿಸ್ಲಿಲ್ಲ, ದೇವರಾಣೆ ಕಾಣಿಸ್ಲಿಲ್ಲ. ನನಗೆ..." ಅವನು ನಿಲ್ಲಿಸಿದ. ಇದನ್ನು ಕ್ಲೋಡೆಟ್‌ಗೆ ಹೇಳಿರಲಿಲ್ಲ, ಪಾದ್ರಿಗೂ ಹೇಳಿರಲಿಲ್ಲ. ಐಸು ಹಾರಿದ್ದು ಪಾಪವೋ ಅಲ್ಲವೋ ಅವನಿಗೆ ಗೊತ್ತಿರಲಿಲ್ಲ, ಆದರೆ ಇದು ಅವನದೇ ಆಗಿತ್ತು, ಇದರಲ್ಲಿ ಬೇರೆ ಲಾರಿಯವರ ಪಾಲಿರಲಿಲ್ಲ. "ನನಗೆ ಖುಷಿಯಾಯ್ತು. ಪೀಡೆ ತೊಲಗ್ತು, ಲಾರಿ ಹಗುರಾಯ್ತು ಅನ್ನಿಸ್ತು. ನೋಡೋಕೆ ಚೆನ್ನಾಗಿತ್ತು. ಸಿಳ್ಳೆ ಹಾಕ್ಕೊಂಡು ಹೋದೆ."

ಸಭೆಯ ಕೋಣೆಯಿಂದ ಯಾರೋ ಕುರ್ಚಿ ಎಳೆಯುವ ಸದ್ದು ಬಂತು. ಬೆವರ್ಲಿಯ ಕುತ್ತಿಗೆ ಕೆಂಪಾಗಿ ಆ ಕೆಂಪು ಮೆಲ್ಲಗೆ ಕೆನ್ನೆಗೆ ಏರುವುದನ್ನು ಅವನು ಕಂಡ. ಹೊಡೆಯುತ್ತಾಳೆಂದುಕೊಂಡ, ಹೊಡೆದರೆ ಒಳ್ಳೆಯದೆಂದುಕೊಂಡ.

"ಸಿಳ್ಳೆ" ಎಂದಳು ಅವಳು. ಆಮೇಲೆ, "ಅವರಿಬ್ಬರೂ ಏನನ್ನೂ ನೋಡ್ಲಿಲ್ಲ ಅಂದಿದ್ರು" ಎಂದಳು. ಆಮೇಲೆ ಎದ್ದು ನಿಂತಳು. "ನನಗೆ ಹೇಳಿ ಏನು ಮಾಡ್ತೀರಿ? ನಾನೇನು ಮಾಡ್ಲಿ ಅದನ್ನ ಇಟ್ಕೊಂಡು? ಒಳಗೆ ಹೋಗಿ ಹೇಳಿ. ಹಿಮ ಇತ್ತು ಅಂತ ನಗಿಸಿದ್ರಲ್ಲ, ಅಲ್ಲೇ ಹೇಳಿ."

ಅವನು ಹೋದ. ಬಾಗಿಲ ಬಳಿ ಮೇಜು ಹಾಕಿಕೊಂಡಿದ್ದ ಗುಮಾಸ್ತೆ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಇನ್ನೊಮ್ಮೆ ಮಾತಾಡಬೇಕು ಎಂದು ನಾರ್ಬರ್ಟ್ ಹೇಳಿದಾಗ ಪಟ್ಟಿ ನೋಡಿದಳು.

"ಒಬ್ಬರಿಗೆ ಒಂದೇ ಸಲ, ಸರ್. ನೀವು ಆಗಲೇ ಮಾತಾಡಿದ್ದೀರಲ್ಲ."

"ಪೂರ್ತಿ ಆಗ್ಲಿಲ್ಲ."

"ನಿಮ್ಮದು ಇನ್ನೂ ನಲವತ್ತು ಸೆಕೆಂಡ್ ಉಳಿದಿತ್ತು, ನನಗೆ ಜ್ಞಾಪಕ ಇದೆ. ಆದ್ರೆ ಅದು ಆಮೇಲಕ್ಕೆ ಬರೋದಿಲ್ಲ. ಬರೆದು ಕೊಡಿ ಬೇಕಾದ್ರೆ, ಬರೆದದ್ದನ್ನೂ ಕಡತಕ್ಕೆ ಸೇರಿಸ್ತೀವಿ." ಗುಲಾಬಿ ಬಣ್ಣದ ಹಾಳೆಯೊಂದನ್ನು ಮುಂದಕ್ಕೆ ಸರಿಸಿ, ಪೆನ್ನಿಗಂಟಿದ ರಸವನ್ನು ಒರೆಸಿ ಕೊಟ್ಟಳು.

ಅವನು ನಿಂತೇ ಬರೆದ. ಹೆಸರು, ಊರು, ಉದ್ಯೋಗ. ಪರ, ವಿರೋಧ ಎಂಬ ಎರಡು ಚೌಕಗಳಿದ್ದವು. ಬೆಳಿಗ್ಗೆ ಹೆಸರು ಬರೆಸುವಾಗ ವಿರೋಧದಲ್ಲಿ ಗುರುತು ಹಾಕಿದ್ದನ್ನು ನೆನೆದು ಸ್ವಲ್ಪ ತಡೆದ, ಪರದಲ್ಲಿ ಹಾಕಿದ. ಕೆಳಗೆ ಏಳು ಗೆರೆ ಜಾಗವಿತ್ತು. ತಾರೀಕು, ಹೆದ್ದಾರಿ, ಸೇತುವೆ, ಹೊತ್ತು. ಪುಸ್ತಕದಲ್ಲಿ ಸುಳ್ಳು ಬರೆದದ್ದು. ಕನ್ನಡಿ. ಸಿಳ್ಳೆ. ಸ್ಯಾಂಡ್‌ವಿಚ್‌ಗಳೊಂದಿಗೆ ಮೇಲೆ ಬಂದ ಡ್ವೈಟ್ ಭುಜದ ಮೇಲಿಂದ ಬಗ್ಗಿ ನೋಡಿದ, ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ. "ನಾರ್ಬ್" ಎಂದ ಮೆತ್ತಗೆ, "ನಾರ್ಬ್, ಹುಚ್ಚು ಹಿಡೀತಾ ನಿನಗೆ? ಕೊಡು ಇಲ್ಲಿ ಅದನ್ನ. ಯಾರೂ ಕೇಳಿಲ್ಲ ನಿನ್ನ." ಅವನು ಕೊಡಲಿಲ್ಲ. ಡ್ವೈಟ್ ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ, ಅಂಟುರೋಗದವನಿಂದ ಸರಿಯುವ ಹಾಗೆ. ತನ್ನ ಕಾರಿನಲ್ಲಿ ಇವನನ್ನು ವಾಪಸು ಕರೆದೊಯ್ಯಬಹುದೇ ಬಾರದೇ ಎಂದು ಆಗಲೇ ಯೋಚಿಸುತ್ತಿದ್ದ.

ಕರೆದೊಯ್ಯಲಿಲ್ಲ. ನಾರ್ಬರ್ಟ್ ಆ ಸಂಜೆ ಬಸ್ಸಿನಲ್ಲಿ ಹೋದ. ವಾರದೊಳಗೆ ಸುಳ್ಳು ದಿನಚರಿಗಾಗಿ ಕೆಲಸ ಹೋಯಿತು, ಗೋಡೆಯಿಂದ ಫಲಕ ಇಳಿಯಿತು. ಪೊಲೀಸರು ಎರಡು ಸಲ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಬರೆದುಕೊಂಡು ಹೋದರು. ಸರ್ಕಾರಿ ವಕೀಲ, ಇಷ್ಟರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ, ಅದು ಇವನೇ ಎಂದು ಯಾರೂ ಸಾಬೀತು ಮಾಡಲಾರರು, ಅಲ್ಲವೆಂದೂ ಮಾಡಲಾರರು ಎಂದ. ಕ್ಲೋಡೆಟ್ ಅಕ್ಕನ ಮನೆಗೆ ಹೋಗಿ ಹದಿನೈದು ದಿನ ಇದ್ದು ಬಂದಳು. ಮಸೂದೆ ಆ ವರ್ಷ ಸಮಿತಿಯಲ್ಲೇ ಬಿದ್ದುಹೋಯಿತು, ಒಂದು ವೋಟಿನಿಂದ, ಮರುವರ್ಷ ಪಾಸಾಯಿತು. ಆದರೆ ಇದೆಲ್ಲ ಆಮೇಲಿನ ಮಾತು. ಆಗ, ಆ ಮೇಜಿನ ಬಳಿ, ಅವನು ಕೊನೆಯ ಗೆರೆಯಲ್ಲಿ ಸತ್ತವಳ ಹೆಸರು ಬರೆಯಬೇಕಾಗಿ ಬಂದು ತಡವರಿಸಿದ. ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದ, ಪತ್ರಿಕೆಯಲ್ಲಿ ಕಂಡಾಗಲೆಲ್ಲ ಪುಟ ಮಗುಚಿದ್ದ. ಕಿವಿಗೆ ಕೇಳಿಸಿದ್ದ ಹಾಗೆ ಬರೆದ.

ಬೆವರ್ಲಿ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ ಗೊತ್ತಾಗಲಿಲ್ಲ. ಕೈ ಚಾಚಿದಳು. ಅವನು ಹಾಳೆ ಕೊಟ್ಟ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಓದಿದಳು, ತುಟಿ ಅಲುಗಿಸುತ್ತ. ಸಿಳ್ಳೆಯ ಗೆರೆಯ ಹತ್ತಿರ ತುಟಿ ನಿಂತಿತು, ಮತ್ತೆ ಮುಂದುವರಿಯಿತು. ಕೊನೆಗೆ ಬಂದಾಗ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಕೊರಿನಾ ಅಲ್ಲ" ಎಂದಳು. "ಕೊರಿನ್ನಾ. ಎರಡು ಎನ್ ಇದೆ ಅವಳ ಹೆಸರಲ್ಲಿ. ಎಲ್ಲರೂ ಒಂದೇ ಹಾಕ್ತಾರೆ. ಶಾಲೇಲೂ ಹಾಗೇ ಹಾಕ್ತಿದ್ರು."

ತನ್ನ ಚೀಲದಿಂದ ಪೆನ್ನು ತೆಗೆದು, ಬಿಟ್ಟುಹೋದ ಅಕ್ಷರವನ್ನು ಮೇಲೆ ಚಿಕ್ಕದಾಗಿ ಬರೆದು, ಕೆಳಗೆ ಸೇರಬೇಕಾದಲ್ಲಿ ಗುರುತು ಹಾಕಿದಳು. ಹಾಳೆಯನ್ನು ಗುಮಾಸ್ತೆಯ ಕಡೆ ತಳ್ಳಿ, ಯಾರ ಮುಖವನ್ನೂ ನೋಡದೆ ಫೋಟೋ ಇಟ್ಟಿದ್ದ ಕಡೆ ನಡೆದಳು.

ಗುಮಾಸ್ತೆ ಮೊಹರು ಎತ್ತಿದವಳು ಹಾಗೇ ತಡೆದಳು.

"ತಿದ್ದಿದ ಕಡೆ ಬರೆದವರ ಚಿಕ್ಕ ಸಹಿ ಬೇಕು, ಸರ್. ಇಲ್ಲದಿದ್ರೆ ತಗೊಳ್ಳೋಕೆ ಬರೋಲ್ಲ. ಇಲ್ಲಿ, ಹೆಸರಿನ ಪಕ್ಕದಲ್ಲೇ."

ನಾರ್ಬರ್ಟ್ ಪೆನ್ನು ತೆಗೆದುಕೊಂಡ. ಮಣಿಕಟ್ಟು ತಿರುಗಲಿಲ್ಲ; ಹಾಳೆಯನ್ನೇ ಸ್ವಲ್ಪ ತಿರುಗಿಸಿಕೊಂಡು, ಆ ಹೆಸರಿನ ಪಕ್ಕದಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ತನ್ನ ಹೆಸರಿನ ಎರಡು ಅಕ್ಷರ ಬರೆದ.